ಮಂಕು ಹೆಡ್‌ಲೈಟು

ಕಾವಲಿಗೆ ದೋಸೆ ಹಿಟ್ಟು ಹುಯ್ಯುತ್ತಿದ್ದೆ. "ಅಮ್ಮಾ, ಬೇಗ ಬಾ!" ಎಂದು ಮಗಳು ಅಂಗಳದಿಂದ ಕೂಗಿದಳು. ಒಲೆ ಆರಿಸಿ ಹೋದೆ.

ಕೈಯಲ್ಲಿ ಹಲ್ಲುಜ್ಜುವ ಪೇಸ್ಟು, ಒದ್ದೆ ಬಟ್ಟೆ ಹಿಡಿದು ಕಾರಿನ ಮುಂದೆ ಕೂತಿದ್ದಳು. ಹಳದಿಗಟ್ಟಿ ಮಂಕಾಗಿದ್ದ ಹೆಡ್‌ಲೈಟು ಈಗ ಕನ್ನಡಿಯಂತೆ ಹೊಳೆಯುತ್ತಿತ್ತು.

ಈ ಬೇಸಿಗೆಯ ಒಂದು ರಾತ್ರಿ, ನನ್ನ ಅಮ್ಮನಿಗೆ ಉಸಿರಾಡಲು ಕಷ್ಟವಾಗಿದೆಯೆಂದು ಫೋನ್ ಬಂದಿತ್ತು. "ಈ ಮಂಕು ಲೈಟಲ್ಲಿ ದಾರಿ ಕಾಣಲ್ಲ ಕಣೇ, ಬೆಳಿಗ್ಗೆ ಹೊರಡೋಣ" ಎಂದಿದ್ದರು ಇವರು. ನಾವು ತಲುಪುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದಳು. ತಪ್ಪು ನಿಮ್ಮದಲ್ಲ ಎಂದು ನಾನೇ ಇವರನ್ನು ಸಮಾಧಾನ ಮಾಡಿದ್ದೆ.

"ಜಾಣೆ! ಯಾರೇ ಹೇಳಿಕೊಟ್ಟಿದ್ದು?"

"ಅಪ್ಪ! ಹೋದ ವರ್ಷ ದೀಪಾವಳಿಗೆ ನೀನು ಮೊದ್ಲೇ ಬಸ್ಸಲ್ಲಿ ಅತ್ತೆ ಮನೆಗೆ ಹೋಗಿದ್ಯಲ್ಲ? ನಾವಿಬ್ರೂ ರಾತ್ರಿ ಹೊರಡೋ ಮುಂಚೆ ಹೀಗೇ ಉಜ್ಜಿದ್ರು. ಬಿಸಿಲಿಗೆ ಮತ್ತೆ ಮಂಕಾಗುತ್ತೆ, ಆಗ ಮತ್ತೆ ಉಜ್ಜಿದ್ರಾಯ್ತು ಅಂದ್ರು."

ಇವರು ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದರು. ಲೈಟನ್ನು ನೋಡಿದರು. ನನ್ನನ್ನು ನೋಡಲಿಲ್ಲ.

ಮಗಳು ನನ್ನ ಮುಖ ನೋಡಿದಳು, ಆಮೇಲೆ ಅವರ ಮುಖ.

"ಅಪ್ಪಾ, ಅಜ್ಜಿಗೆ ಹುಷಾರಿಲ್ಲ ಅಂತ ಫೋನ್ ಬಂದ ರಾತ್ರಿ ಯಾಕೆ ಉಜ್ಜಲಿಲ್ಲ?"