ನಾಲ್ಕು ಹೆಜ್ಜೆ ಮುಂದೆ

ಗಂಡ ಒಮ್ಮೆಯಾದರೂ ಹಿಂದಿರುಗಿ ನೋಡುವ ತನಕ ಏಳುವುದಿಲ್ಲ ಎಂದುಕೊಂಡು ಮೀರಾಬಾಯಿ ಸಮುದ್ರದಂಡೆಯ ನೀಲಿ ಕುರ್ಚಿಯಲ್ಲಿ ಕೂತುಬಿಟ್ಟಳು. ಅವಳ ಕಾಲೇನೂ ನೋಯುತ್ತಿರಲಿಲ್ಲ. ಬಕ್ಕಪ್ಪ ಕೈ ಹಿಂದೆ ಕಟ್ಟಿಕೊಂಡು ತನ್ನ ಪಾಡಿಗೆ ನಡೆದೇ ಇದ್ದ.

ಹುಮನಾಬಾದದ ಬಜಾರಿನಲ್ಲಿಯೂ ಹೀಗೆಯೇ. ಗಂಡ ನಾಲ್ಕು ಹೆಜ್ಜೆ ಮುಂದೆ, ಹೆಂಡತಿ ಹಿಂದೆ. ಮದುವೆಯಾಗಿ ಬಸವಕಲ್ಯಾಣದಿಂದ ಬಂದು ಬಸ್ಸಿಳಿದ ದಿನದಿಂದ ಅದೇ ಲೆಕ್ಕ. ಆದರೆ ಊರಲ್ಲಿ ಹಿಂದೆ ಉಳಿದವಳನ್ನು ಮಾತಾಡಿಸುವವರಿದ್ದರು. ಬಳೆ ಅಂಗಡಿಯ ಗೌಸನಂತೂ ಮಗಳ ಯೋಗಕ್ಷೇಮ ಕೇಳದೆ ಮುಂದೆ ಹೋಗಗೊಡುತ್ತಿರಲಿಲ್ಲ. ಆ ಮಗಳೇ ಹಟ ಹಿಡಿದು ಕಳಿಸಿದ ಪ್ರವಾಸವಿದು. ಫ್ರಾನ್ಸಿನ ಈ ನೀಸ್ ಪಟ್ಟಣದಲ್ಲಿ ಅವಳನ್ನು ಕೇಳುವವರು ಯಾರು?

ಬೆಳಿಗ್ಗೆ ಗೈಡ್ ಸ್ನೇಹಲ್ ಎಲ್ಲರನ್ನೂ ನಿಲ್ಲಿಸಿಕೊಂಡು, ಇದು ನಡೆದು ನೋಡುವ ಊರು, ಬಸ್ಸು ಟ್ಯಾಕ್ಸಿ ಏನೂ ಬೇಡ, ಜೋಡಿಯಾಗಿ ಕೈ ಹಿಡಿದು ಸುತ್ತಾಡಿ ಬನ್ನಿ ಎಂದಿದ್ದಳು. ಜೊತೆಗೆ ಬಂದವರು ನಾಚಿಕೊಂಡೋ ನಗುತ್ತಲೋ ಕೈ ಹಿಡಿದರು. ಬಕ್ಕಪ್ಪ ಹೆಂಡತಿಯ ಕೈಗೆ ನೀರಿನ ಬಾಟಲಿ ಕೊಟ್ಟು ಹೊರಟ.

“ನೀರ ನೋಡಿಲ್ಲಿ, ಎಷ್ಟ ನೀಲಿ ಅದ. ನಿಮ್ಮ ಕಲ್ಯಾಣದ ಕೆರಿ ಇದರ ಮುಂದ ಏನೂ ಅಲ್ಲ.” ಕುರ್ಚಿಯಲ್ಲಿ ಕೂತವಳಿಗೆ ಅವನ ಮಾತು ಅಷ್ಟು ಕೇಳಿಸಿತು. ಆಮೇಲೆ ಅವನ ಕೈ ಆಡುವುದಷ್ಟೇ ಕಾಣುತ್ತಿತ್ತು. ಹೂಂ ಎನ್ನುವವಳು ಹಿಂದೆ ಇಲ್ಲ ಎಂಬುದು ಅವನಿಗೆ ಗೊತ್ತೇ ಆಗಲಿಲ್ಲ. ಅವನ ಬಿಳಿ ಟೋಪಿ ಜನರ ನಡುವೆ ಸಣ್ಣದಾಗುತ್ತ ಹೋಯಿತು. ಇಷ್ಟು ಜನರ ನಡುವೆ ತಾನು ಒಬ್ಬಳೇ ಎಂದು ಮೀರಾಬಾಯಿಗೆ ಅನಿಸಿತು.

‘ರೀ’ ಎಂದಳು. ಅಲೆಗಳ ಸದ್ದಿನಲ್ಲಿ ಅದು ಎಲ್ಲಿ ಮುಟ್ಟೀತು? ಮಗಳ ಹೆಸರು ಹಿಡಿದು ‘ಶೀತಲಳ ಅಪ್ಪಾ’ ಎಂದಳು; ಅದೂ ಮುಟ್ಟಲಿಲ್ಲ. ಇನ್ನು ಉಳಿದದ್ದು ಹೆಸರೊಂದೇ. ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅವ್ವ ಹೇಳಿಕೊಟ್ಟಿದ್ದಳು. ಜನ್ಮದಲ್ಲಿ ಒಮ್ಮೆ ಮಾತ್ರ, ಮದುವೆಯಲ್ಲಿ ಹೆಂಗಸರು ಬಾಗಿಲು ತಡೆದು ಒಡಪು ಹೇಳಿಸಿದಾಗ, ಆ ಹೆಸರು ಅವಳ ಬಾಯಿಂದ ಬಂದಿತ್ತು: “ಕಲ್ಯಾಣದ ಕೆರಿಗೆ ಕಮಲ ಅಂದ, ಬಕ್ಕಪ್ಪನವರ ಹೆಸರ ಹೇಳತೀನಿ ಎಲ್ಲಾರ ಮುಂದ.” ಆಗ ಅವನು ತಿರುಗಿ ಅವಳ ಮುಖ ನೋಡಿ ನಕ್ಕಿದ್ದ.

ಮೀರಾಬಾಯಿ ಎದ್ದು ನಿಂತಳು. ಎದೆ ತುಂಬ ಉಸಿರೆಳೆದುಕೊಂಡು ಕೂಗಿದಳು.

“ಬಕ್ಕಪ್ಪಾ!”

ಸೈಕಲ್ಲಿನವನು ತಿರುಗಿ ನೋಡಿದ. ನಾಯಿ ಹಿಡಿದುಕೊಂಡು ಹೊರಟಿದ್ದ ಮುದುಕಿ ನೋಡಿದಳು, ನಾಯಿಯೂ ನೋಡಿತು. ಬಕ್ಕಪ್ಪ ನಿಂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಸಮುದ್ರದ ಕಡೆಗೂ ನೋಡಿದ. ಹಿಂದೆ ನೋಡಲಿಲ್ಲ. ಮತ್ತೆ ನಡೆದ.

ಅವಳು ಬಿರಬಿರನೆ ಹೆಜ್ಜೆ ಹಾಕಿದಳು. ಬಹಳ ದೂರ ಹೋದ ಮೇಲೆ ನೀರಡಿಕೆಯಾಗಿ ಅವನು ನಿಂತಾಗಲೇ ಸಿಕ್ಕಿದ್ದು. ಸಮುದ್ರ ನೋಡುತ್ತಲೇ ಅವನು ಬಾಟಲಿಗೆಂದು ಕೈ ಹಿಂದಕ್ಕೆ ಚಾಚಿದ.

“ಅಲ್ಲ, ನನ್ನ ಹೆಸರ ಹಿಡದು ಯಾರೋ ಒದರಿದಂಗ ಆತು. ಹೆಣ್ಮಗಳ ದನಿ. ಇಲ್ಲಿ ನನ್ನ ಗುರ್ತಿನವರು ಯಾರರೆ ಬಂದಾರೇನು?”

ಮೀರಾಬಾಯಿ ಬಾಟಲಿಯನ್ನು ಅವನ ಕೈಗಿಟ್ಟಳು.

“ಇಲ್ರಿ. ನಿಮ್ಮ ಗುರ್ತಿನವರು ಯಾರೂ ಇಲ್ಲ.”