ಬಟ್ಟಲ ಹಾಲು

“ಡಾಲ್ಫಿನ್ ಮರಿ ಹಾಕಿ ಹಾಲುಣಿಸುತ್ತದೆ. ಎರೆಹುಳು ಮಣ್ಣಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ.” ಪಡಸಾಲೆಯಲ್ಲಿ ಶಿವಲೀಲಾ ಪಾಠವನ್ನು ಜೋರಾಗಿ ಓದಿದಳು. ಒಳಕೋಣೆಯಲ್ಲಿ ಅವಳ ತಾಯಿ ಸುರೇಖಾಳ ಎದೆಗೆ ಮಲ್ಲಿಗೆ ಹೂವು ಕಟ್ಟುತ್ತಿದ್ದ ಅತ್ತೆ ಮುತ್ತವ್ವನ ಕೈ ನಿಂತಿತು. ಹಾಲು ಬತ್ತಲಿ ಎಂದು ಕಟ್ಟುವ ಮಲ್ಲಿಗೆ ಅದು. ಹುಟ್ಟಿದ ಗಳಿಗೆಯಲ್ಲೇ ತೀರಿಕೊಂಡ ಗಂಡುಕೂಸನ್ನು ಕುಪ್ಪೇಲೂರಿನ ತಮ್ಮ ಹೊಲದಲ್ಲಿ ಮಣ್ಣು ಮಾಡಿ ಇಂದು ಮೂರನೆಯ ದಿನ. ಕುಣಿಯ ಮೇಲೆ ಎರೆಯಲು ಆಕಳ ಹಾಲಿನ ಬಟ್ಟಲು ಬಾಗಿಲ ಬಳಿ ಕಾದಿತ್ತು.

“ಅವ್ವಾ, ನಾವು ಡಾಲ್ಫಿನ್ ಇದ್ದಂಗೋ, ಎರೆಹುಳ ಇದ್ದಂಗೋ?”

“ಡಾಲ್ಫಿನ್ ಇದ್ದಂಗವ್ವಾ.”

“ಮತ್ತ ತಮ್ಮನ್ನ ಯಾಕ ಮಣ್ಣಾಗ ಬಿಟ್ಟು ಬಂದ್ರು?”

ಮಲ್ಲಿಗೆಯ ಸಮೇತ ಸುರೇಖಾಳ ಕುಪ್ಪಸ ಒದ್ದೆಯಾಯಿತು. “ಒಂದು ಗುಟುಕೂ ಕುಡೀಲಿಲ್ರೀ ಅತ್ಯಾರ,” ಎಂದಳು, ಗೋಡೆಗೆ ಹೇಳಿದಂತೆ.

ಮುತ್ತವ್ವ ಹೂವಿನ ಗಂಟು ಬಿಚ್ಚಿದಳು. ಎದ್ದು ಹೋಗಿ ಆಕಳ ಹಾಲನ್ನು ಮತ್ತೆ ಗಡಿಗೆಗೆ ಸುರಿದಳು. ಬಟ್ಟಲನ್ನು ತೊಳೆದು ತಂದು ಸೊಸೆಯ ಮುಂದೆ ಹಿಡಿದಳು.

“ಹಿಂಡಿ ಕೊಡವ್ವಾ. ನಾ ಒಯ್ದು ಕುಡಸ್ತೇನಿ.”