ಕೆಲಸಕ್ಕೆ ಅಡ್ಡಿ ಏನು?

ಮೇಡಂ ಹಲಗೆಯ ಮೇಲಿನ ಹಳದಿ ಚೀಟಿಗಳನ್ನು ಗಟ್ಟಿಯಾಗಿ ಓದತೊಡಗಿದವರು ಎರಡನೆಯದಕ್ಕೇ ತಡವರಿಸಿದರು. ಮೊದಲನೆಯದರಲ್ಲೂ ‘ಆಮೆ’, ಇದರಲ್ಲೂ ‘ಆಮೆ’. ಉಳಿದ ಮೂರರಲ್ಲೂ ಅದೇ.

ಸಾಫ್ಟ್‌ವೇರ್ ಕಂಪನಿಗಳ ‘ಅಜೈಲ್’ ಎಂಬ ಕೆಲಸದ ಪದ್ಧತಿಯನ್ನು ಹಟ ಹಿಡಿದು ವಿಶ್ವವಿದ್ಯಾಲಯದ ಪಾಠಕ್ಕೆ ತಂದವರು ಅವರೇ. ಹದಿನೈದು ದಿನಕ್ಕೊಮ್ಮೆ ಪ್ರಾಜೆಕ್ಟ್ ತಂಡದ ಐವರೂ, ತಮ್ಮ ಕೆಲಸಕ್ಕೆ ಅಡ್ಡಿ ಏನೆಂದು ಬರೆದು, ಬರೆದವರ ಹೆಸರಿಲ್ಲದ ಚೀಟಿ ಅಂಟಿಸಬೇಕು. ಕೈಕೊಡುವ ಕರೆಂಟು, ಓಬೀರಾಯನ ಕಾಲದ ಕಂಪ್ಯೂಟರು ಎಂದೆಲ್ಲ ಬರೆದಾರೆಂದು ಮೇಡಂ ಎಣಿಸಿದ್ದರು. ಆಮೆ ಎಂದರೆ ತಂಡದವರ ಬಾಯಲ್ಲಿ ಅವರಲ್ಲೇ ಒಬ್ಬಳು, ಕಿಟಕಿಯ ಪಕ್ಕ ನಿಂತಿದ್ದ ಹುಡುಗಿ; ಯಾವುದನ್ನೂ ಎರಡೆರಡು ಸಲ ಪರೀಕ್ಷಿಸದೆ ‘ಮುಗೀತು’ ಅನ್ನದವಳು.

“ಇದೇನ್ರಪ್ಪಾ, ಮನುಷ್ಯರನ್ನ ಅಡ್ಡಿ ಅಂತ ಬರೆಯೋದಾ?”

“ಮುಚ್ಚುಮರೆ ಬೇಡ ಅಂತ ನೀವೇ ಹೇಳಿದ್ರಲ್ಲ ಮೇಡಂ,” ತಂಡದ ನಾಯಕ ಹಲ್ಲು ಕಿರಿದ.

ಮೇಡಂ ಮೈಯೆಲ್ಲ ಉರಿದುಹೋಯಿತು. ಚೀಟಿಗಳನ್ನು ಕಿತ್ತೆಸೆಯಲು ಕೈ ಎತ್ತಿದರು. ಹುಡುಗಿ ಮುಂದೆ ಬಂದು ತಡೆದಳು.

“ಬಿಡಿ ಮೇಡಂ, ಅದರಲ್ಲೊಂದು ನಂದೇ. ಈ ಸಲ ಎಲ್ರಿಗಿಂತ ಮೊದಲು ಬರೆದು ಅಂಟಿಸಿದ್ದೂ ನಾನೇ.”